ಕೊಟ್ಟವರು ನೋಡಬಾರದ ಕೋಣೆ

ಫೆಬ್ರವರಿ ೯

ಮಗಳೇ,

ನಿನ್ನ ವಿಳಾಸವನ್ನು ಸೋದರತ್ತೆಯಿಂದ ಇಸಿದುಕೊಂಡೆ. ಕೊಡುವ ಮುಂಚೆ ಅವಳು ನನ್ನ ಮುಖವನ್ನೊಮ್ಮೆ ನೋಡಿ, 'ಬರೀತೀಯಾ, ಇಲ್ಲಾ ಜೇಬಲ್ಲಿಟ್ಕೊಂಡು ಓಡಾಡ್ತೀಯಾ?' ಎಂದಳು. ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೂ ಆಯಿತು.

ಊಟದ ಮೇಜಿನ ಒಂದು ಕಾಲು ಅಲ್ಲಾಡುತ್ತಿತ್ತು. ಬಡಗಿ ಬಂದು ಮೇಜನ್ನು ಮಗುಚಿ ಹಾಕಿದ. ಅಡಿಭಾಗದ ತುಂಬ ಪೆನ್ಸಿಲ್ಲಿನ ಚಿತ್ರಗಳು. ನೀರಿನ ಕೊಡದಷ್ಟು ದೊಡ್ಡ ತಲೆಯ ಹೆಂಗಸು. ಒಂದೇ ಒಂದು ಉದ್ದನೆಯ ಅಳತೆಪಟ್ಟಿಯನ್ನು ಹಿಡಿದುಕೊಂಡು ಸಾಲಾಗಿ ನಿಂತ ಮಕ್ಕಳು. ನಾಲ್ಕು ಗೋಡೆ ಇದ್ದು ಮೇಲೇನೂ ಇಲ್ಲದ ಒಂದು ಕಟ್ಟಡ. 'ಉಜ್ಜಿ ತೆಗೆದುಬಿಡ್ಲಾ ಯಜಮಾನ್ರೇ?' ಎಂದು ಬಡಗಿ ಕೇಳಿದ. 'ಕಾಲು ಮಾತ್ರ ನೋಡಪ್ಪ' ಎಂದೆ.

ಈ ಮೇಜಿನ ಮೇಲೆ ನಾವು ಊಟ ಮಾಡಿದ್ದಕ್ಕಿಂತ ಅರ್ಜಿ ಓದಿದ್ದೇ ಹೆಚ್ಚು. ನಿನ್ನಜ್ಜ ಅಂಗಿ ಗುಂಡಿ ಕಾರ್ಖಾನೆಯ ಲಾಭದಲ್ಲಿ ಒಂದು ಪಾಲು ತೆಗೆದು ಪ್ರತಿಷ್ಠಾನ ಮಾಡಿದಾಗ ಅದಕ್ಕೆಂದು ಕಚೇರಿ ಕಟ್ಟಲಿಲ್ಲ. ಮನೆಯವರು ಕೊಡುವುದನ್ನು ಮನೆಯಲ್ಲಿ ಕೂತೇ ಕೊಡಬೇಕು ಎಂದ. ಇವತ್ತಿಗೂ ಹಾಗೇ ನಡೆದಿದೆ. ಶಾಲೆಯವರು, ಸಂಜೆ ತರಗತಿಯವರು, ಕೂಸಿನ ಮನೆ ನಡೆಸುವವರು ಬರೆಯುತ್ತಾರೆ. ಅತ್ತೆ ಅರ್ಜಿಯಲ್ಲಿನ ಹೆಸರು, ಊರುಗಳ ಮೇಲೆ ಕಾಗದದ ಚೀಟಿ ಅಂಟಿಸುತ್ತಾಳೆ. ನಾನು ಗಟ್ಟಿಯಾಗಿ ಓದುತ್ತೇನೆ. ತಗಡಿನ ಡಬ್ಬಿ ಮೇಜನ್ನು ಸುತ್ತು ಹಾಕುತ್ತದೆ. ಕೊಡೋಣ ಎನ್ನುವವರು ಬಿಳಿ ಗುಂಡಿ ಹಾಕುತ್ತಾರೆ, ಬೇಡ ಎನ್ನುವವರು ಕರಿ ಗುಂಡಿ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಗೊತ್ತಿಲ್ಲದ್ದನ್ನು ಬರೆಯಲು ಇನ್ನೂ ಧೈರ್ಯ ಬಂದಿಲ್ಲ.

ನಿನ್ನಮ್ಮ ಹೋದ ಮೇಲೆ ಸಭೆಯ ಸಂಜೆ ನಿನ್ನನ್ನು ಮಲಗಿಸುವವರು ಇರಲಿಲ್ಲ. ನೀನು ದಿಂಬು ತಂದು ನಮ್ಮ ಕಾಲುಗಳ ನಡುವೆ ಮಲಗುತ್ತಿದ್ದೆ. 'ಮೇಜಿನಡಿಯ ಸದಸ್ಯೆ ಬಂದಳೇನ್ರೋ?' ಎಂದು ನಿನ್ನಜ್ಜ ಬಗ್ಗಿ ನೋಡಿಯೇ ಸಭೆ ಶುರು ಮಾಡುತ್ತಿದ್ದ. ಚಿತ್ರ ಬರೆಯುತ್ತಿದ್ದೆ ಎಂದು ಯಾರಿಗೂ ತಿಳಿದಿರಲಿಲ್ಲ. ಯಾರು ಅವರೆಲ್ಲ?

ಏನಾದರೂ ಬೇಕಿದ್ದರೆ ನೀನೂ ಒಂದು ಅರ್ಜಿ ಹಾಕು. ಚೀಟಿ ಅಂಟಿಸಿದ ಮೇಲೆ ನೀನು ಯಾರೋ, ನಾವು ಯಾರೋ. ಸಂಕೋಚಕ್ಕೆ ಜಾಗವಿಲ್ಲ.

ನಿನ್ನ,
ಅಪ್ಪ


ಮಾರ್ಚ್ ೨

ಅಪ್ಪ,

ದೊಡ್ಡ ತಲೆಯವಳು ಒಂದು ಶಾಲೆಯ ಅಡುಗೆಯವಳು. 'ನಮ್ಮ ಅಡುಗೆಯಾಕೆಯ ತಲೆಯಲ್ಲಿ ಇಡೀ ಶಾಲೆಯ ಮಕ್ಕಳ ಹೆಸರುಗಳಿವೆ' ಎಂದು ನೀವು ಓದಿದಿರಿ. ಅಷ್ಟು ಹಿಡಿಸಬೇಕಾದರೆ ತಲೆ ಎಷ್ಟು ದೊಡ್ಡದಿರಬೇಕು ಎಂದು ಲೆಕ್ಕ ಹಾಕಿ ಬರೆದದ್ದು. ಅಳತೆಪಟ್ಟಿಯ ಮಕ್ಕಳು, ತರಗತಿಗೆಲ್ಲ ಒಂದೇ ಅಳತೆಪಟ್ಟಿ ಇದ್ದ ಮಕ್ಕಳು. ಬೇರೆ ಮನೆಯ ಮಕ್ಕಳಿಗೆ ಕಥೆ ಹೇಳಿ ಮಲಗಿಸುತ್ತಾರೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಎಲ್ಲ ಮನೆಗಳಲ್ಲೂ ಅರ್ಜಿ ಓದುತ್ತಾರೆ ಎಂದುಕೊಂಡಿದ್ದೆ.

ಗೋಡೆ ಇದ್ದು ಮೇಲೇನೂ ಇಲ್ಲದ ಕಟ್ಟಡ, ಚಾವಣಿ ಬೇಕೆಂದು ಕೇಳಿದ ಶಾಲೆ. ಡಬ್ಬಿ ಸುತ್ತು ಹಾಕುವ ಮುಂಚೆಯೇ ನನಗೆ ನಿದ್ದೆ ಬಂದಿತ್ತು. ಕೊಟ್ಟಿರೋ ಇಲ್ಲವೋ ತಿಳಿಯಲಿಲ್ಲ, ಅದಕ್ಕೇ ಚಾವಣಿ ಬರೆಯದೆ ಬಿಟ್ಟೆ. ದೊಡ್ಡವಳಾಗಿ ನನಗೂ ಆ ಮೇಜಿನಲ್ಲಿ ಒಂದು ಕುರ್ಚಿ ಬಂದ ಮೇಲೆ, ಯಾರಿಗೂ ಹೇಳದೆ ನಾನು ನೋಡಲು ಹೋದದ್ದು ಅದೇ ಶಾಲೆಯನ್ನು. 'ಹೋಗಿ ನೋಡಿದೋರು ಇಲ್ಲಿ ಕೂರೋ ಹಾಗಿಲ್ಲ' ಎಂದು ಅಜ್ಜ ಹೇಳಿದಾಗ ನೀವು ಮುಂದಿದ್ದ ಕಾಗದಗಳ ಅಂಚು ಸರಿ ಮಾಡುತ್ತಿದ್ದಿರಿ. ನಾನು ಎದ್ದೆ. ಮತ್ತೆ ಕೂರಲು ಬರಲಿಲ್ಲ.

ಚಾವಣಿ ಇತ್ತು, ಅಪ್ಪ. ಅದನ್ನು ನಿಮಗೆ ಹೇಳಲು ಆಗಲೇ ಇಲ್ಲ.

ಇಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಓದುವ ಮನೆ ನಡೆಸುತ್ತಿದ್ದೇನೆ. ಮಧ್ಯಾಹ್ನ ಮಕ್ಕಳು ಬರುತ್ತಾರೆ, ಸಂಜೆ ಹೆಂಗಸರು. ಬದುಕು ನಡೆಯುತ್ತದೆ. ಅರ್ಜಿ ಹಾಕುವುದಿಲ್ಲ. ನೀವೂ ಏನೂ ಕಳಿಸಬೇಡಿ. ಕೋಪದಿಂದ ಬರೆಯುತ್ತಿಲ್ಲ. ಯಾಕೆ ಎಂದು ಕೇಳಬೇಡಿ, ಸುಮ್ಮನೆ ಯೋಚಿಸಿ ನೋಡಿ. ಅಜ್ಜನ ನಿಯಮ ನಿಮ್ಮಷ್ಟೇ ನನಗೂ ನೆನಪಿದೆ.

ಮೇಜಿನ ಕಾಲು ಸರಿಹೋಯಿತೇ?

ನಿಮ್ಮ,
ಮಗಳು


ಮೇ ೨೦

ಮಗಳೇ,

ಸರಿಹೋಯಿತು. ಈಗ ಉಳಿದ ಮೂರು ಕಾಲು ಅದರ ಮುಂದೆ ಸಪ್ಪೆಯಾಗಿ ಕಾಣುತ್ತವೆ.

'ಕಳಿಸಬೇಡಿ' ಎಂದದ್ದನ್ನು ಬಹಳ ಸಲ ಓದಿದೆ. ಯೋಚಿಸು ಎಂದಿದ್ದೀಯ; ಯೋಚಿಸಲು ಹೋದರೆ ನಿನ್ನಜ್ಜನೇ ಎದುರಿಗೆ ಬಂದು ಕೂರುತ್ತಾನೆ. ಅವನು ಹುಡುಗನಾಗಿದ್ದಾಗ ಅವನ ಶಾಲೆಯ ಶುಲ್ಕ ಕಟ್ಟುತ್ತಿದ್ದವರೊಬ್ಬರು ಪ್ರತಿ ವರ್ಷ ಮಕ್ಕಳನ್ನು ನೋಡಲು ಬರುತ್ತಿದ್ದರಂತೆ. ಒಳ್ಳೆಯ ಮನುಷ್ಯ. ಅವರು ಬರುವ ದಿನ ತಲೆಗೆ ಎಣ್ಣೆ ಹಚ್ಚಿ, ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಂದಲೂ 'ಚೆನ್ನಾಗಿ ಓದ್ತಿದ್ದೀನಿ' ಎಂದು ಹೇಳಿಸುತ್ತಿದ್ದರು. ನಿನ್ನಜ್ಜನಿಗೆ ಆ ಮಾತು ಸಾಯುವತನಕ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅದಕ್ಕೇ ನಮ್ಮ ಮೇಜಿನವರು ಕೊಟ್ಟ ಜಾಗಕ್ಕೆ ಕಾಲಿಡುವುದಿಲ್ಲ, ಅವರ ಮುಖ ನೋಡುವುದಿಲ್ಲ, ನಮ್ಮ ಮುಖ ತೋರಿಸುವುದಿಲ್ಲ. ಕೆಲಸ ಹೇಗೆ ನಡೆದಿದೆ ಎಂದು ನೋಡಿಬರಲು ಹೊರಗಿನವರನ್ನು ಕಳಿಸುತ್ತೇವೆ. ಈ ವಯಸ್ಸಿಗೆ ನಾನು ಎಷ್ಟೋ ಶಾಲೆಗಳನ್ನು ಬಲ್ಲೆ, ಒಂದನ್ನೂ ಕಂಡಿಲ್ಲ.

ಇದನ್ನು ಈಗ ಬರೆಯಲು ಕಾರಣವಿದೆ. ಈ ಸಲದ ಸಭೆಗೆ ಒಂದು ಅರ್ಜಿ ಬಂದಿತ್ತು. ನೀನು ಮೇಜಿನಡಿ ಇದ್ದಿದ್ದರೆ ಖಂಡಿತ ಚಿತ್ರ ಬರೆಯುತ್ತಿದ್ದೆ. ಅದರ ಪ್ರತಿ ನನ್ನ ಹತ್ತಿರ ಉಳಿದಿದೆ, ಕೇಳು.

'ಇದು ಮುಂಚೆ ಕ್ಷೌರದಂಗಡಿ. ಎರಡು ಕಡೆಯ ಗೋಡೆಗೂ ಕನ್ನಡಿ ಇದೆ. ತೆಗೆಸಲು ದುಡ್ಡಿಲ್ಲ, ಅದಕ್ಕೆ ಹಾಗೇ ಬಿಟ್ಟಿದ್ದೇವೆ. ಒಂದಿಷ್ಟು ಮಕ್ಕಳು ಬಂದು ಕೂತರೆ ಊರಿನ ಮಕ್ಕಳೆಲ್ಲ ಬಂದ ಹಾಗೆ ಕಾಣುತ್ತದೆ. ಆದ್ದರಿಂದ ನಮ್ಮ ಲೆಕ್ಕ ಹೆಚ್ಚುಕಡಿಮೆ ಇದ್ದರೆ ಮನ್ನಿಸಬೇಕು. ಕ್ಷೌರದ ಕುರ್ಚಿಯೂ ಇದೆ, ಈಗಲೂ ತಿರುಗುತ್ತದೆ. ಯಾರು ಅವತ್ತು ಮೊದಲ ಸಲ ತಮ್ಮ ಹೆಸರು ತಾವೇ ಬರೆಯುತ್ತಾರೋ ಅವರಿಗೆ ಅದರ ಮೇಲೆ ಒಂದು ಸುತ್ತು. ನನಗೂ ಆಗಿದೆ. ಈಗ ಮಾಲೀಕರು ಅಂಗಡಿ ಮಾರುತ್ತಾರಂತೆ. ನಮಗೇ ಕೊಳ್ಳಲು ಸಹಾಯ ಬೇಕು. ನಡೆಸುವ ಮೇಡಂ ಯಾರ ಹತ್ತಿರವೂ ಕೇಳುವವರಲ್ಲ. ಅವರಿಗೆ ತಿಳಿಯದ ಹಾಗೆ ನಾವು ಬರೆಯುತ್ತಿದ್ದೇವೆ. ಅವರು ಬೈದರೆ ಅದು ನಮ್ಮ ತಲೆನೋವು.'

ನಿನ್ನ ಚಿಕ್ಕಪ್ಪ ಎಂದಿನ ಹಾಗೆ, 'ಕನ್ನಡಿ ಅಂಗಡಿಗೆ ಕೊಡೋಕೆ ನಾವೇನು ಸಲೂನ್ ಇಟ್ಟಿದೀವಾ ಅಣ್ಣ?' ಎಂದ. ಅತ್ತೆ ಕನ್ನಡಕ ಒರೆಸುತ್ತಲೇ ಇದ್ದಳು. ಓದುವವನು ವಾದ ಮಾಡಬಾರದು ಎಂದು ನಿನಗೆ ಗೊತ್ತು. ಇಷ್ಟು ವರ್ಷ ಮಾಡಿಲ್ಲ. ಅವತ್ತು ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ. ಕುರ್ಚಿ ತಿರುಗುವುದನ್ನು ಕೈಯಲ್ಲಿ ಮಾಡಿ ತೋರಿಸಿದ್ದು ಮಾತ್ರ ನೆನಪಿದೆ. ಡಬ್ಬಿ ಬಗ್ಗಿಸಿದಾಗ ಬಿಳಿಯದೇ ಮೇಲಾಯಿತು. ಹಣ ಹೋಯಿತು. ಎಲ್ಲಿಗೆ ಎಂದು ಅತ್ತೆಗೆ ಮಾತ್ರ ಗೊತ್ತು. ಆ ಕೋಣೆಯನ್ನು ಒಮ್ಮೆ ನೋಡಬೇಕು ಎನ್ನಿಸಿ, ಮೊದಲ ಬಾರಿಗೆ ಆ ನಿಯಮ ಹೊಸ ಚಪ್ಪಲಿಯ ಹಾಗೆ ಕಚ್ಚಿತು.

ಆಮೇಲೆ, ಯಾಕೋ, ನಿನ್ನ 'ಕಳಿಸಬೇಡಿ' ನೆನಪಾಯಿತು. ನೀನು ನಮ್ಮಿಂದ ಏನನ್ನೂ ತೆಗೆದುಕೊಂಡಿಲ್ಲ. ನಿನ್ನ ಕೋಣೆಗೆ ಬರಲು ನನಗೆ ಯಾವ ತಡೆಯೂ ಇಲ್ಲ. ಇದು ಇಷ್ಟು ದಿನ ಹೊಳೆಯಲಿಲ್ಲ ನೋಡು.

ಬಿಸಿಲು ಇಳಿದ ಮೇಲೆ ಬರಲೇ?

ನಿನ್ನ,
ಅಪ್ಪ


ಜೂನ್ ೩

ಅತ್ತೆ,

ಚೀಟಿ ಅಂಟಿಸುವಾಗ ನಿನಗೆ ಗೊತ್ತಿತ್ತು.

ಟೈಲರಮ್ಮನೇ ಬರೆದದ್ದು. ನಮ್ಮ ಪಕ್ಕದ ಮಳಿಗೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಾಳೆ. ಅಕ್ಷರ ಕಲಿಸಿದವಳು ನಾನೇ, ಕಲಿಸಿದ್ದಕ್ಕೆ ಸರಿಯಾಗಿ ಮಾಡಿದಳು. ಕೋಣೆ ಕೊಳ್ಳುವ ಪತ್ರಗಳಿಗೆ ಸಹಿ ಹಾಕುವಾಗ ಕೊಟ್ಟವರು ಯಾರು ಎಂದು ಕೇಳಿದೆ. 'ಯಾರೋ ಗುಂಡಿ ಕಾರ್ಖಾನೆಯೋರು ಮೇಡಂ, ನಮ್ ಕಸುಬಿಗೆ ಹತ್ತಿರದೋರು ಅಂತ ನಾನೇ ಆರಿಸ್ದೆ' ಎಂದಳು.

ಅದೇ ವಾರ ಅಪ್ಪನ ಪತ್ರ ಬಂತು. ನನ್ನ ಕೋಣೆಯ ವರ್ಣನೆಯನ್ನು ನನಗೇ ಬರೆದಿದ್ದಾರೆ. ಅದರ ಕೊನೆಗೆ, ಬರಲೇ ಎಂದು ಕೇಳಿದ್ದಾರೆ. ಎರಡೂ ಒಂದೇ ಹಾಳೆಯಲ್ಲಿ.

ನೀನು ಯಾವ ಗುಂಡಿ ಹಾಕಿದೆ?

ಸೋದರ ಸೊಸೆ


ಜೂನ್ ೧೪

ಏನೇ ಹುಡುಗಿ,

ಬೈಗುಳ ತಲುಪಿತು. ಚೆನ್ನಾಗಿತ್ತು, ಚಿಕ್ಕದಾಗಿತ್ತು.

ನಾನು ಚೀಟಿ ಅಂಟಿಸುವವಳು. ಕಣ್ಣು ಮುಚ್ಚಿಕೊಂಡು ಅಂಟಿಸಲು ಬರುತ್ತದೆಯೇ? ನಿನ್ನ ಹೆಸರು ನೋಡಿದೆ. ಅವತ್ತು ಅಂಟು ಹೆಚ್ಚಾಗಿ ಚೀಟಿ ಸೊಟ್ಟಗೆ ಕೂತಿತು. 'ಏನೇ ಇದು, ಮಗು ಅಂಟಿಸಿದ ಹಾಗಿದೆ' ಎಂದು ನಿಮ್ಮಪ್ಪ ನಕ್ಕ. ನಾನೇನು ಮಾಡಬೇಕಿತ್ತು, ನೀನೇ ಹೇಳು. ಪಕ್ಕಕ್ಕೆ ಎತ್ತಿಟ್ಟರೆ ಆ ಕೋಣೆ ಹೋಗುತ್ತಿತ್ತು. ಮೇಜಿಗೆ ಇಟ್ಟರೆ ನಿಮ್ಮಪ್ಪ ನಿನ್ನ ಕೈತಪ್ಪಿ ಹೋಗುತ್ತಿದ್ದ. ತೂಗಿ ನೋಡಿದೆ. ಮಕ್ಕಳ ಕಡೆಯೇ ತಗ್ಗಿತು. ಕನ್ನಡಿಯಲ್ಲಿ ಜಾಸ್ತಿ ಕಂಡರೋ ಏನೋ.

ಯಾವ ಗುಂಡಿ ಎಂದು ಹೇಳಬಾರದು. ನಿನ್ನಜ್ಜ ಇದ್ದಿದ್ದರೆ ಕೇಳಿದ್ದಕ್ಕೇ ಬೈಯುತ್ತಿದ್ದ.

ಈಗ ನನ್ನ ಮಾತು ಕೇಳು. ಅವನಿಗೆ ಏನೂ ಬರೆಯಬೇಡ. ಬನ್ನಿ ಎಂದು ಬರೆದು ಸುಮ್ಮನಿರು. ಗೊತ್ತಿಲ್ಲದೆ ಬಂದರೆ ನಿಯಮ ಮುರಿದ ಹಾಗಾಗುವುದಿಲ್ಲ. ಕನ್ನಡಿಗೆ ಒಂದು ಬಟ್ಟೆ ಇಳಿಬಿಡು, ಕುರ್ಚಿ ಹಿತ್ತಲಿಗೆ ಹಾಕು. ಅವನಿಗೆ ಎಲ್ಲಿ ತಿಳಿಯುತ್ತದೆ? ಹೊಸ ಅಂಗಿ ಹೊಲಿಸಿದ್ದಾನೆ. ಗುಂಡಿ ಮಾತ್ರ ಕಾರ್ಖಾನೆಯಲ್ಲಿ ತಾನೇ ನಿಂತು ಆರಿಸಿಕೊಂಡ. ನಿಮ್ಮ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಡ್ರೈವರನ್ನು ಕೇಳಿದನಂತೆ. ಡ್ರೈವರು ನನ್ನ ಹತ್ತಿರ ಬಂದು, 'ಯಜಮಾನ್ರು ಯಾರಿಗೋ ಬೇಕಿತ್ತು ಅಂತಾರೆ, ಯಾರಿಗಮ್ಮ?' ಎಂದ. 'ಯಾರಿಗೋ' ಎಂದೆ.

ಒಲೆ ಮೇಲೆ ಹಾಲಿದೆ. ಸಾಕು.

ಅತ್ತೆ


ಜುಲೈ ೬

ಅಪ್ಪ,

ಉತ್ತರ ತಡವಾಯಿತು. ಕನ್ನಡಿಗೆ ಹಾಕಲು ಬಟ್ಟೆ ಅಳೆದೂ ನೋಡಿದೆ. ಸಾಲಲಿಲ್ಲ ಎಂದೇ ಬರೆಯುತ್ತೇನೆ.

ನೀವು ಓದಿದ ಕೋಣೆ ನನ್ನದು. ಬೈಯುವ ಮೇಡಂ ನಾನೇ. ಬೈದದ್ದೂ ಆಯಿತು.

ನಾನು ಏನನ್ನೂ ಕೇಳದೆ ಇದ್ದದ್ದು ಹಟ ಎಂದು ಮನೆಯಲ್ಲಿ ಮಾತಾಡಿಕೊಂಡಿರುತ್ತೀರಿ. ಹಟವೂ ಸ್ವಲ್ಪ ಇತ್ತು. ಆದರೆ ಮೇಜಿನವರು ಕೊಟ್ಟ ಜಾಗಕ್ಕೆ ನೀವು ಬರುವ ಹಾಗಿಲ್ಲ. ಕೊಡದ ಜಾಗ ಒಂದಾದರೂ ಇರಲಿ ಎಂದು ನೋಡಿಕೊಂಡಿದ್ದೆ. ಛತ್ರಿ ಇಡಲು ಬಾಗಿಲ ಹತ್ತಿರ ಒಂದು ಮೊಳೆ ಹೊಡೆದಿದ್ದೇನೆ. ಇಲ್ಲಿ ಯಾರೂ ಛತ್ರಿ ನೇತುಹಾಕುವುದಿಲ್ಲ, ಮೂಲೆಗೆ ಒರಗಿಸುತ್ತಾರೆ. ನೇತುಹಾಕುವವರು ನೀವೊಬ್ಬರೇ.

ಹಣ ಹಿಂದಕ್ಕೆ ಕೊಡೋಣ ಎಂದು ಟೈಲರಮ್ಮನಿಗೆ ಹೇಳಿದೆ. ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದಳು. ತೆಗೆದು ಕೇಳಿದಳು:

'ಯಾಕೆ?'

'ಅವರು ಕೊಟ್ಟರೆ ನಮ್ಮಪ್ಪ ಇಲ್ಲಿಗೆ ಬರೋ ಹಾಗಿಲ್ಲ.'

'ಇಷ್ಟು ದಿನ ಕೊಟ್ಟಿರ್ಲಿಲ್ವಲ್ಲ. ಬಂದಿದ್ರಾ?'

ನಾನು ಕೆಳಗೆ ಬಿದ್ದ ದಾರದ ಉಂಡೆ ಎತ್ತಿಕೊಟ್ಟೆ.

'ನನ್ನ ಮೊಮ್ಮಗಳು ಎಲ್ಲಿ ಕೂತ್ಕೊಂಡು ಓದ್ಬೇಕು, ಅದನ್ನ ಹೇಳಿ ಮೊದ್ಲು. ಆಮೇಲೆ ನಿಮ್ಮಪ್ಪನ ವಿಷ್ಯ.'

ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಕೋಣೆ ಉಳಿಯುತ್ತದೆ. ಚೆನ್ನಾಗಿ ನಡೆಯುತ್ತಿದೆ ಎಂದು ನೋಡಿಹೋಗಲು ನೀವು ಯಾರನ್ನೋ ಕಳಿಸುತ್ತೀರಿ, ನಾನು ಅವರಿಗೆ ಟೀ ಕೊಟ್ಟು ಕಳಿಸುತ್ತೇನೆ, ಅವರ ಬರಹವನ್ನು ನೀವು ಮೇಜಿನಲ್ಲಿ ಗಟ್ಟಿಯಾಗಿ ಓದುತ್ತೀರಿ.

ಬರಬೇಡಿ ಎಂದು ಬರೆಯಲು ಕೈ ಏಳುತ್ತಿಲ್ಲ. ಬನ್ನಿ ಎಂದರೆ, ಅವತ್ತು ನಾನು ಮಾಡಿದ್ದನ್ನೇ ನಿಮ್ಮಿಂದ ಮಾಡಿಸಿದ ಹಾಗೆ.

ಕೆಳಗೆ ಕೋಣೆಯ ವಿಳಾಸವಿದೆ. ಮನೆಯದಲ್ಲ. ಚೀಟಿ ಕೀಳುವ ಕೆಲಸ ನಾನೇ ಮಾಡಿದ್ದೇನೆ.

ಮಗಳು


ಸೆಪ್ಟೆಂಬರ್ ೧೭

ಮಗಳೇ,

ಸಭೆ ಆಗುವ ಮುಂಚೆ ಬರೆಯಬಾರದು ಎಂದುಕೊಂಡಿದ್ದೆ. ಸಭೆ ಆಯಿತು.

ಅರ್ಜಿಗಳನ್ನು ಓದಿ ಮುಗಿಸಿ, ಕನ್ನಡಿಯ ಕೋಣೆ ಯಾರದು ಎಂದು ಹೇಳಿದೆ. ಅತ್ತೆ ಚೀಟಿಗಳನ್ನು ಸಣ್ಣಸಣ್ಣದಾಗಿ ಹರಿಯುತ್ತಿದ್ದಳು. ಚಿಕ್ಕಪ್ಪ ಬಹಳ ಹೊತ್ತು ಒಂದು ಕರಿ ಗುಂಡಿಯನ್ನು ಮೇಜಿನ ಮೇಲೆ ಬುಗುರಿಯ ಹಾಗೆ ಆಡಿಸಿದ.

'ನಿಯಮ ಬದಲಾಯಿಸೋಣ ಅಂತೀಯಾ?' ಎಂದ.

'ಅಂತೀನಿ ಅಂತಿಟ್ಕೋ.'

'ಅಣ್ಣ, ಅವತ್ತೂ ಇದೇ ಮೇಜು, ಇದೇ ನಿಯಮ. ಅವತ್ತು ಅವಳಿಗೋಸ್ಕರ ಸಡಿಲ ಆಗ್ಲಿಲ್ಲ. ಇವತ್ತು ನಿನಗೋಸ್ಕರ ಆದ್ರೆ ಚೆನ್ನಾಗಿರುತ್ತಾ?'

ಅವನ ದನಿಯಲ್ಲಿ ಬಿಸಿ ಇರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. ಪ್ರತಿ ಸಲ ಕರಿ ಗುಂಡಿ ಹಾಕುವವನು ಒಮ್ಮೆಯಾದರೂ ನಮ್ಮೆಲ್ಲರಿಗಿಂತ ಸರಿಯಾಗಿ ಹೇಳುತ್ತಾನೆ ಎಂದು ಯಾರು ಎಣಿಸಿರುತ್ತಾರೆ? ಬದಲಾಯಿಸುವುದು ಬೇಡ ಎಂದೆ. ಬಿಸಿಲಲ್ಲಿ ಸಾಲು ನಿಂತ ಆ ಹುಡುಗ ಇನ್ನೂ ನಿಂತೇ ಇದ್ದಾನೆ. ಅವನನ್ನು ದಾಟಿಕೊಂಡು ಹೋಗಲು ನನಗೆ ಬರುವುದಿಲ್ಲ.

ಆದರೆ ನಿನ್ನಜ್ಜ ಹೇಳಿದ್ದನ್ನು ನೀನು ಬರೆದಿದ್ದೆಯಲ್ಲ, ಹೋಗಿ ನೋಡಿದವರು ಇಲ್ಲಿ ಕೂರುವ ಹಾಗಿಲ್ಲ ಎಂದು. ಅದನ್ನೇ ಹಿಂದುಮುಂದಾಗಿ ಓದಿಕೊಂಡೆ. ಇಲ್ಲಿ ಕೂರದವರು ಹೋಗಿ ನೋಡಬಹುದು. ನೀನು ಅದನ್ನು ಎಷ್ಟೋ ವರ್ಷಗಳಿಂದ ಮಾಡುತ್ತಿದ್ದೀಯ.

ಎದ್ದೆ. ಅತ್ತೆ ಬಂದು ಆ ಕುರ್ಚಿಯಲ್ಲಿ ಕೂತಳು. 'ಏನಣ್ಣ, ದಿಂಬೆಲ್ಲ ನಿನ್ನ ಆಕಾರ ಆಗ್ಬಿಟ್ಟಿದೆ, ನಾನು ಜಾರಿ ಬೀಳ್ತೀನಿ' ಎಂದಳು. ಎಲ್ಲರೂ ನಕ್ಕೆವು. ಇನ್ನು ಮುಂದೆ ಚಿಕ್ಕಪ್ಪ ಓದುತ್ತಾನೆ. ಅವತ್ತೇ ಒಂದು ಓದಿ ನೋಡಿದ. ಸರಕಿನ ಪಟ್ಟಿ ಓದಿದ ಹಾಗಿತ್ತು. ನಾನು ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಂಡೆ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಲಿಲ್ಲ. ನನ್ನ ತುಟಿ ತಾನಾಗಿ ಆಡುತ್ತಿತ್ತು.

ಮೇಜಿನಡಿಯಿಂದ ಅದು ಹೇಗೆ ಕೇಳಿಸುತ್ತಿತ್ತು ಎಂದು ಈಗ ಸ್ವಲ್ಪ ಗೊತ್ತಾಗುತ್ತಿದೆ.

ಬರುತ್ತೇನೆ. ಯಾವಾಗ ಎಂದು ಬರೆದರೆ ನೀನು ಗುಡಿಸಿ ಸಾರಿಸಿ ಇಡುತ್ತೀಯ. ಬರೆಯುವುದಿಲ್ಲ.

ಅಪ್ಪ


ಅಕ್ಟೋಬರ್ ೨೩

ಅಪ್ಪ,

ಕಳೆದ ವಾರ ನೀವು ಬಂದಿದ್ದಿರಿ.

ಟೈಲರಮ್ಮನ ಮೊಮ್ಮಗಳ ಕೈ ಹಿಡಿದು ಒಂದು ಅಕ್ಷರ ತಿದ್ದಿಸುತ್ತಿದ್ದೆ. ನಮ್ಮ ಬಾಗಿಲಿಗೆ ಎದುರಾಗಿ ಸೈಕಲ್ ರಿಪೇರಿ ಅಂಗಡಿ. ಬಾಗಿಲು ತೆರೆದಿದ್ದರೆ ಬೀದಿಯೆಲ್ಲ ಕನ್ನಡಿಗೆ ಬರುತ್ತದೆ, ಒಂದು ಕನ್ನಡಿಯಿಂದ ಇನ್ನೊಂದಕ್ಕೆ ಹೋಗುತ್ತದೆ. ತಲೆ ಎತ್ತಿದಾಗ ಹೊಸ ಅಂಗಿ ಹಾಕಿಕೊಂಡ ಎಷ್ಟೋ ಜನ ಅಪ್ಪಂದಿರು ಛತ್ರಿ ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬರ ಹಿಂದೆ ಒಬ್ಬರು, ಹಿಂದೆ ಹೋದಂತೆ ಚಿಕ್ಕವರಾಗುತ್ತ. ನೀವು ಒಂದು ಹೆಜ್ಜೆ ಮುಂದಿಟ್ಟಿರಿ. ಎಲ್ಲರೂ ಇಟ್ಟರು. ಆಮೇಲೆ ಸೈಕಲ್ಲಿನವನು ಏನೋ ಕೇಳಿದ, ನೀವು ತಲೆಯಾಡಿಸಿದಿರಿ. ಮಗುವಿನ ಕೈ ಬಿಟ್ಟು ನಾನು ತಿರುಗಿ ಬಾಗಿಲಿಗೆ ಬರುವಷ್ಟರಲ್ಲಿ ಬೀದಿ ಖಾಲಿ.

ಏನು ಕೇಳಿದೆಯೋ ಎಂದು ಸೈಕಲ್ಲಿನವನನ್ನು ವಿಚಾರಿಸಿದೆ. 'ಯಾರು ಬೇಕಿತ್ತು ಯಜಮಾನ್ರೇ ಅಂದೆ, ಅಕ್ಕ. ಯಾರೂ ಇಲ್ಲಪ್ಪ, ನೋಡ್ತಿದ್ದೆ ಅಷ್ಟೆ, ಅಂದ್ರು. ಒಳಗೆ ಹೋಗಿ ಅಂದೆ. ಅಭ್ಯಾಸ ಇಲ್ಲ ಅಂದ್ರು.'

ಓಡಿ ಬಸ್ ನಿಲ್ದಾಣಕ್ಕೆ ಬರಬಹುದಿತ್ತು. ಬರಲಿಲ್ಲ. ಕರೆದರೆ ಬರುತ್ತಿದ್ದಿರಿ, ಬಂದು, ಬೆಂಚಿನ ತುದಿಯಲ್ಲಿ ಕೂತು, ಕೊಟ್ಟವರ ಹಾಗೆ ಸುತ್ತ ನೋಡುತ್ತಿದ್ದಿರಿ. ಕುರ್ಚಿಯಿಂದ ಎದ್ದರೂ ನಿಮ್ಮ ಕಣ್ಣು ಇನ್ನೂ ಅಲ್ಲೇ ಕೂತಿದೆ ಎನ್ನಿಸಿತು. ನಮ್ಮ ಹೆಂಗಸರೂ ಎದ್ದು ನಿಲ್ಲುತ್ತಿದ್ದರೋ ಏನೋ. ಅಜ್ಜ ಹೆದರಿದ್ದು ಅದಕ್ಕೇ ತಾನೇ.

ಇಡೀ ವಾರ ಇದನ್ನೇ ಯೋಚಿಸಿದೆ. ಇಲ್ಲಿ ಸುಮ್ಮನೆ ನೋಡಲು ಬರುವವರಿಗೆ ಜಾಗ ಚಿಕ್ಕದು. ಕೆಲಸಕ್ಕೆ ಬರುವವರಿಗೆ ಇದೆ. ಸಂಜೆಯ ಹೆಂಗಸರು ಅಕ್ಷರ ತಿದ್ದಿ ಸುಸ್ತಾದ ಮೇಲೆ ಯಾರಾದರೂ ಗಟ್ಟಿಯಾಗಿ ಓದಿ ಹೇಳಲಿ ಎನ್ನುತ್ತಾರೆ. ನನ್ನ ದನಿ ಅವರಿಗೆ ಹಿಡಿಸಿಲ್ಲ, ಪಾಠ ಮಾಡಿದ ಹಾಗಿದೆಯಂತೆ. ಓದುವವರೊಬ್ಬರು ನನಗೆ ಗೊತ್ತು, ಈಗ ಕೆಲಸವಿಲ್ಲದೆ ಖಾಲಿ ಇದ್ದಾರೆ ಎಂದೆ.

'ಯಾರು?' ಎಂದಳು ಟೈಲರಮ್ಮ.

'ಒಬ್ಬರು.'

'ಗೊತ್ತಿರೋರು ಅಂತ ಹಾಗೇ ಸೇರಿಸ್ಕೊಳ್ಳೋಕಾಗಲ್ಲ ಮೇಡಂ. ಅರ್ಜಿ ಹಾಕ್ಲಿ. ನಾವು ಹಾಕಿರ್ಲಿಲ್ವಾ?'

ಅರ್ಜಿಯನ್ನು ನಾನು ನೋಡುವುದಿಲ್ಲ. ಅವರೇ ಓದುತ್ತಾರೆ. ಅಕ್ಷರ ಕೂಡಿಸಿ ಕೂಡಿಸಿ ಓದಬೇಕು, ದೊಡ್ಡ ಪದ ಬರೆಯಬೇಡಿ.

ಮಗಳು


ನವೆಂಬರ್ ೮

ಓದುವ ಮನೆಯ ಸಂಜೆ ತರಗತಿಯವರಿಗೆ,

ನಮಸ್ಕಾರ. ನಿಮ್ಮಲ್ಲಿ ಓದಿ ಹೇಳುವ ಕೆಲಸ ಇದೆ ಎಂದು ಕೇಳಿದೆ. ಅದನ್ನು ನನಗೆ ಕೊಡಬೇಕು ಎಂದು ಕೇಳುತ್ತಿದ್ದೇನೆ.

ನನಗೆ ವಯಸ್ಸಾಗಿದೆ. ಕಣ್ಣು ಚೆನ್ನಾಗಿದೆ. ಮುಂಚೆ ಗುಂಡಿ ಮಾಡುತ್ತಿದ್ದೆ. ಜೊತೆಗೆ ಮನೆಯಲ್ಲಿ ಬೇರೆಯವರ ಅರ್ಜಿ ಓದುತ್ತಿದ್ದೆ. ನಾನೇ ಬರೆಯುತ್ತಿರುವುದು ಇದೇ ಮೊದಲು. ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಎರಡು ಹಾಳೆ ಹರಿದು ಹಾಕಿದೆ.

ನಾನು ಓದಿದರೆ ನಿದ್ದೆ ಬರುತ್ತದೆ ಎಂದು ಒಂದು ದೂರು ಇದೆ. ಒಂದು ಮಗು ಪ್ರತಿ ಸಲವೂ ನಡುವೆಯೇ ಮಲಗಿಬಿಡುತ್ತಿತ್ತು. ಅದು ಮಲಗಿದ ಮೇಲೂ ನಾನು ದನಿ ತಗ್ಗಿಸಿ ಓದುತ್ತಲೇ ಇರುತ್ತಿದ್ದೆ. ಆ ಮಗುವಿಗೆ ಒಂದು ಶಾಲೆಯ ಕತೆ ಅರ್ಧಕ್ಕೇ ನಿಂತಿತ್ತು. ಕೊನೆ ಏನಾಯಿತು ಎಂದು ತಿಳಿಯಲು ಅದು ತಾನೇ ಅಲ್ಲಿಗೆ ನಡೆದು ಹೋಯಿತು. ಅವತ್ತು ನಾನು ಜೊತೆಗೆ ಹೋಗಬೇಕಿತ್ತು.

ನಿಮ್ಮ ಬಾಗಿಲ ತನಕ ಒಮ್ಮೆ ಬಂದಿದ್ದೆ. ಒಳಗೆ ಬರಲು ನನಗೆ ಏನು ಹಕ್ಕು ಎಂದು ತಿಳಿಯಲಿಲ್ಲ. ಕೆಲಸ ಕೊಟ್ಟರೆ ತಿಳಿಯುತ್ತದೆ.

ಹೆಸರಿನ ಮೇಲೆ ಚೀಟಿ ಅಂಟಿಸಿದ್ದೇನೆ. ಹಾಗೆ ಅಂಟಿಸುವುದು ನಮ್ಮ ಕಡೆಯ ಪದ್ಧತಿ. ಇದರ ಜೊತೆ ಒಂದು ಬಿಳಿ ಗುಂಡಿ, ಒಂದು ಕರಿ ಗುಂಡಿ ಇಟ್ಟಿದ್ದೇನೆ. ಬೇಕು ಅಂದರೆ ಬಿಳಿಯದು ತಿರುಗಿ ಕಳಿಸಿ, ಬೇಡ ಅಂದರೆ ಕರಿಯದು. ಕರಿಯದು ಬಂದರೂ ಬೇಜಾರಿಲ್ಲ ಎಂದು ಬರೆಯಬೇಕು. ಬರೆದರೆ ಸುಳ್ಳಾಗುತ್ತದೆ.

ಇಂತಿ,
(ಇಲ್ಲಿ ಚೀಟಿ, ಸ್ವಲ್ಪ ಸೊಟ್ಟಗೆ)


ನವೆಂಬರ್ ೨೦

ಅಪ್ಪ,

ಅವರು ನಿನ್ನ ಅರ್ಜಿಯನ್ನು ಎರಡು ಸಂಜೆ ಓದಿದರು. ಒಂದೊಂದು ಸಾಲು ಒಬ್ಬೊಬ್ಬರು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ, ಕೇಳಿಸುತ್ತಿತ್ತು. ಮಗು ಮಲಗುವ ಕಡೆ ಯಾರೋ ತಡವರಿಸಿ ನಿಂತರು. ಮತ್ತೆ ಮೊದಲಿನಿಂದ ಓದಿದರು.

ಚೀಟಿಯನ್ನು ಕೀಳಲಿಲ್ಲ. ಟೈಲರಮ್ಮ ಉಗುರು ಹಾಕಿದಳು, ಉಳಿದವರು ಬೈದರು.

ಬಿಳಿ ಗುಂಡಿ ಲಕೋಟೆಯಲ್ಲಿದೆ. ಕರಿಯದನ್ನೂ ಸೇರಿಸಿ ಕಳಿಸೋಣ ಎಂದು ಕೇಳಿದ್ದಕ್ಕೆ ಟೈಲರಮ್ಮ ಕೊಡಲಿಲ್ಲ. ಮೊಮ್ಮಗಳ ಅಂಗಿಯಲ್ಲಿ ಮೇಲಿನದೊಂದು ಉದುರಿತ್ತಂತೆ, ಅದಕ್ಕೆ ಸರಿಹೋಯಿತಂತೆ. ಹೊಲಿದೇಬಿಟ್ಟಿದ್ದಾಳೆ.

ಗುರುವಾರ ಸಂಜೆ ಬಾ. ಬಾಗಿಲು ಒಳಕ್ಕೆ ತೆರೆಯುತ್ತದೆ, ಸ್ವಲ್ಪ ಬಿಗಿ, ಭುಜ ಕೊಡಬೇಕು. ನಾನು ಎದ್ದು ಬರುವುದಿಲ್ಲ, ತರಗತಿ ನಡೆಯುತ್ತಿರುತ್ತದೆ. ಕನ್ನಡಿಗೆ ಮುಖ ಮಾಡಿಕೊಂಡೇ ಕೂತಿರುತ್ತೇನೆ.

ಮಗಳು